ಫ್ಯಾನಿಲ್ಲದ ಪೆಟ್ಟಿಗೆ

ಜೂನ್ ಎರಡನೇ ವಾರ. ಬೈತಖೋಲದಲ್ಲಿ ಬೋಟುಗಳು
ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಮೇಲೆ
ಭಿವಾ ದುರ್ಗೇಕರ ನನ್ನ ಅಂಗಡಿ ಮೆಟ್ಟಿಲು ಹತ್ತಿದ.
"ಬಾಯ್, ಟಿವಿಗೆ ಜೋಡಿಸೋ ಕಂಪ್ಯೂಟರು ಬೇಕು.
ಸಿನಿಮಾ ನೋಡೋದಕ್ಕೆ, ಬೇರೇನಕ್ಕೂ ಅಲ್ಲ.
ಹೆಂಡತಿಯದು ಒಂದೇ ಷರತ್ತು: ಸದ್ದು ಮಾಡಬಾರದು."

ಹೇಳಿದ್ದಲ್ಲ, ಕೂಗಿದ್ದು.
ಮೂವತ್ತೊಂದು ವರ್ಷ ಇಂಜಿನ್ ಕೋಣೆಯಲ್ಲಿದ್ದ ಗಂಟಲು,
ಆರು ಸಿಲಿಂಡರಿನ ಆಚೆ ನಿಂತವನಿಗೆ ಕೇಳಲೆಂದೇ ಬೆಳೆದದ್ದು.
ಎದುರಿನ ಔಷಧಿ ಅಂಗಡಿಯವನು ತಿರುಗಿ ನೋಡಿದ.

ಗಾಜಿನ ಮೇಲೆ ಒಂದೊಂದೇ ಹರವಿದೆ.
ಇದು ಪ್ರೊಸೆಸರ್. ಚಿತ್ರ ಮೂಡಿಸುವ ತಾಕತ್ತು ಇದರೊಳಗೇ ಇದೆ,
ಬೇರೆ ಗ್ರಾಫಿಕ್ಸ್ ಕಾರ್ಡು ದಂಡ.
"ಎಷ್ಟು ಎಚ್‌ಪಿ?"
ಮೂವತ್ತೈದು ವ್ಯಾಟ್ ಅಂದೆ.
"ನಮ್ಮ ಬೋಟಿನ ಹಿಂದೀಪ," ಅಂತ ನಕ್ಕ.

ಹೀಟ್ ಸಿಂಕನ್ನು ಅಂಗೈಯಲ್ಲಿ ತೂಗಿ
ಬಂಗಡೆಯ ಕಿವಿರೆತ್ತಿ ನೋಡುವ ಹಾಗೆ
ರೆಕ್ಕೆಗಳ ನಡುವೆ ಉಗುರಾಡಿಸಿದ. ಒಪ್ಪಿಗೆ.
ಫ್ಯಾನನ್ನು ಬೆರಳಲ್ಲಿ ತಿರುಗಿಸಿ ಕಿವಿಗೆ ಹಿಡಿದ,
ಮುಖ ಕಿವುಚಿದ:
"ಬೇರಿಂಗ್ ಅಲ್ಲ, ಬುಷ್. ಎರಡು ಮಳೆಗಾಲಕ್ಕೆ ಕಿರುಗುಟ್ಟುತ್ತೆ."
ಅದೇ ಫ್ಯಾನು ನಾನು ಆ ವರ್ಷ ಹನ್ನೊಂದು ಮಾರಿದ್ದೆ.

ಹಾಗಾದರೆ ಫ್ಯಾನೇ ಬೇಡ ಅಂದೆ.
ದೊಡ್ಡ ಸಿಂಕು, ಮೈತುಂಬ ತೂತಿರುವ ಚಪ್ಪಟೆ ಪೆಟ್ಟಿಗೆ;
ನಾಲ್ಕು ಟೆರಾಬೈಟಿನ ಹಾರ್ಡ್ ಡಿಸ್ಕ್ ತಿರುಗುತ್ತದೆ ನಿಜ,
ಅಡಿಗೆ ರಬ್ಬರ್ ವಾಷರ್ ಕೊಡುವೆ.
"ಇಂಜಿನ್ನಿಗೂ ಹಾಗೇ," ಅಂದ, ಗೌರವದಿಂದ.
ಆಮೇಲೆ ಮದರ್‌ಬೋರ್ಡನ್ನು ಮಗುಚಿ ಮಗುಚಿ ಹುಡುಕಿದ.
"ಜಿಂಕ್ ಎಲ್ಲಿ?"

ಬೋಟಿನ ತಳಕ್ಕೆ ಬಿಗಿಯುತ್ತಾರಲ್ಲ ಜಿಂಕ್ ತುಂಡು,
ಉಪ್ಪು ಮೊದಲು ಅದನ್ನು ತಿನ್ನಲಿ, ಕಬ್ಬಿಣ ಉಳಿಯಲಿ ಎಂದು.
ನಗಲಿಲ್ಲ ನಾನು. ಬಿಚ್ಚಿದ ಎಷ್ಟು ಬೋರ್ಡುಗಳಲ್ಲಿ
ಬೆಸುಗೆಯ ಸುತ್ತ ಹಸಿರು ಕಿಲುಬು ಕಂಡಿಲ್ಲ!
ಕಾರವಾರದ ಗಾಳಿ
ಯಾವ ಕಂಪನಿಯ ಗ್ಯಾರಂಟಿ ಕಾರ್ಡನ್ನೂ ಓದಿಲ್ಲ.
ಜಿಂಕ್ ಕೆಲಸ ಮಾಡೋದು ನೀರಲ್ಲಿ ಮುಳುಗಿದ್ದರೆ ಮಾತ್ರ, ಅಂದೆ.
"ಜುಲೈ ಬರಲಿ. ನಾವು ಮುಳುಗಿಲ್ಲ ಅನ್ನು ನೋಡೋಣ."
ನಾಲ್ಕು ಸಿಲಿಕಾ ಪೊಟ್ಟಣ ಹೆಚ್ಚಿಗೆ ಹಾಕಿ ಮುಚ್ಚಳ ಬಿಗಿದೆ.

ಒಂಬತ್ತನೇ ದಿನ ಫೋನು: "ಸತ್ತುಹೋಗಿದೆ."

ಸ್ಕ್ರೂಡ್ರೈವರ್ ಹಿಡಿದು ಅಲಿಗದ್ದಾಕ್ಕೆ ಹೋದರೆ
ಟಿವಿಯಲ್ಲಿ ಯಾರೋ ಯಾರನ್ನೋ ಕ್ಷಮಿಸುತ್ತಿದ್ದರು.
ಪೆಟ್ಟಿಗೆ ಮುಟ್ಟಿದೆ. ಬೆಚ್ಚಗಿತ್ತು.
ನಡೀತಾ ಇದೆಯಲ್ಲ?
"ಸದ್ದೆಲ್ಲಿ ಬಾಯ್? ನೀರಿನ ಮೇಲೆ ಸದ್ದು ನಿಂತರೆ ಅರ್ಥ ಒಂದೇ.
ಅರ್ಧ ಸಿನಿಮಾಕ್ಕೆ ಮೂರು ಸಲ ಎದ್ದೆ.
ಎದ್ದು ಏನು ಮಾಡಲಿ, ಬಿಚ್ಚೋಕೆ ಒಂದು ನಳಿಕೆಯೂ ಇಲ್ಲ."

ಚಂದ್ರಭಾಗಾ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಹಿಟ್ಟು.
"ಸಿನಿಮಾದವರು ಪಿಸುಗುಟ್ಟೋದು ನನಗೆ ಕೇಳಿಸಿದ್ದು
ಈ ಒಂಬತ್ತು ದಿನ," ಅಂದಳು. "ಈ ಮನೆಯಲ್ಲಿ
ಯಾರೂ ಯಾರಿಗೂ ಪಿಸುಗುಟ್ಟಿಲ್ಲ."

ಅವನಿಗೆ ಕೇಳಿಸಿತೋ ಇಲ್ಲವೋ.
ನಾನು ಮುಚ್ಚಳ ತೆಗೆದೆ. ಒಳಗೆ, ಮೂಲೆಯಲ್ಲಿ,
ನನ್ನ ಪೊಟ್ಟಣಗಳ ಪಕ್ಕ, ಬಲೆಯ ನೈಲಾನ್ ದಾರದಲ್ಲಿ
ಯಾವುದಕ್ಕೂ ತಾಗದಂತೆ ಕಟ್ಟಿದ ಹೆಬ್ಬೆರಳುದ್ದ ಜಿಂಕ್.
ಗಂಟು ಚೆನ್ನಾಗಿತ್ತು. ಬಿಚ್ಚಲಿಲ್ಲ.

ಒಂದು ಫ್ಯಾನು ಕೂರಿಸಿದೆ, ಬಾಲ್ ಬೇರಿಂಗಿನದು,
ಯಾವುದನ್ನೂ ತಂಪು ಮಾಡದ್ದು, ಸುಮ್ಮನೆ ತಿರುಗುವಂಥದ್ದು.
ಜೊತೆಗೆ, ಉದ್ದ ವೈರಿನ ಒಂದು ಪುಟ್ಟ ರೆಗ್ಯುಲೇಟರ್.
ಎಲ್ಲಿ ಅಂಟಿಸಲಿ ಎಂದು ಕೇಳಿದರೆ
ಇಬ್ಬರೂ ತಂತಮ್ಮ ಕುರ್ಚಿ ತೋರಿಸಿದರು.
ಟಿವಿ ಸ್ಟ್ಯಾಂಡಿನ ನಡುವೆ ಅಂಟಿಸಿ ಎದ್ದೆ.
ಬಿಲ್ಲಿನಲ್ಲಿ ಫ್ಯಾನು ಯಾಕೆಂದು ಬರೆಯಲು ತಿಳಿಯದೆ
ಬರೆಯಲೇ ಇಲ್ಲ.

ಹೊರಗೆ ಛತ್ರಿ ಬಿಚ್ಚುವಾಗ
ಒಳಗೆ ಯಾರೋ ಅದನ್ನು ತಿರುಗಿಸಿದರು.
ಹೆಚ್ಚಿಗೋ ಕಮ್ಮಿಗೋ,
ತಗಡಿನ ಮೇಲಿನ ಮಳೆಗೆ ತಿಳಿಯಲಿಲ್ಲ.